ಬಸಲಿಂಗವ್ವನ ಅಂಗಳದ ಕಡೆಗಿನ ಗೋಡೆ

ನಾನು ಒಂದು ಬಿಳಿ ಬ್ಲಾಕ್. ನೋಡಿದರೆ ನಾಲ್ಕಾರು ಇಟ್ಟಿಗೆಯ ಗಾತ್ರ, ಎತ್ತಿದರೆ ಮಗುವಿನಷ್ಟು ಹಗುರ.

ನನ್ನ ಹುಟ್ಟು ಅಡಿಗೆಮನೆಯ ಕೆಲಸದ ಹಾಗೆಯೇ ನಡೆಯಿತು. ಹಾರುಬೂದಿ, ಸುಣ್ಣ, ಸಿಮೆಂಟು, ನೀರು ಎಲ್ಲವನ್ನೂ ಕಲಸಿ ದೊಡ್ಡ ಅಚ್ಚಿಗೆ ಹೊಯ್ದರು. ಅದರಲ್ಲಿ ಚಿಟಿಕೆಯಷ್ಟು ಅಲ್ಯೂಮಿನಿಯಂ ಪುಡಿ ಬಿದ್ದದ್ದೇ ತಡ, ಹುದುಗು ಬಂದ ಇಡ್ಲಿ ಹಿಟ್ಟಿನಂತೆ ನಾವು ಉಬ್ಬತೊಡಗಿದೆವು. ಉಬ್ಬಿ ಗಟ್ಟಿಯಾದ ಮೇಲೆ ತಂತಿಯಿಂದ ಬರ್ಫಿ ಕೊಯ್ದಂತೆ ಕೊಯ್ದರು. ಆಮೇಲೆ ಬಾಯಿ ಮುಚ್ಚಿದ ದೊಡ್ಡ ಕೊಳವೆಯೊಳಗೆ ಇಟ್ಟು ಹಬೆಯಲ್ಲಿ ಬೇಯಿಸಿದರು. ಹೊರಗೆ ಬಂದಾಗ ನನ್ನ ಮೈತುಂಬ ಸಣ್ಣ ಸಣ್ಣ ತೂತುಗಳು. ಅವುಗಳಿಂದಾಗಿಯೇ ನಾನು ಹಗುರ. ಅವುಗಳಿಂದಾಗಿಯೇ ನನಗೆ ತೀರದ ಬಾಯಾರಿಕೆ. ನೀರು ತಾಗಿದರೆ ಸಾಕು, ಹೀರುತ್ತೇನೆ. ಯಾವ ನೀರು, ಯಾರ ನೀರು ಎಂದು ಕೇಳಲು ನನಗೆ ಬರುವುದಿಲ್ಲ.

ಲಾರಿಯಲ್ಲಿ ಧಾರವಾಡಕ್ಕೆ ಬಂದೆ. ಇಳಿಸಿಕೊಳ್ಳುತ್ತಿದ್ದ ಹಮಾಲನೊಬ್ಬ ನನ್ನ ಮೂಲೆಯನ್ನು ಉಗುರಿನಿಂದ ಕೆರೆದು ನಕ್ಕ. "ಇದೇನ ಕಲ್ಲೋ, ಬೇಕರಿ ಖಾರಿಯೋ? ಚಾದಾಗ ಅದ್ದಿದ್ರ ಕರಗತೈತಿ!" ಈ ಲೋಕದಲ್ಲಿ ನಾನು ಕೇಳಿದ ಮೊದಲ ಮಾತು ಇದು. ಮುಂದೆ ಕೇಳಿದ್ದಕ್ಕೆ ಹೋಲಿಸಿದರೆ ಮೃದುವಾದ ಮಾತೇ.

ನನ್ನನ್ನು ತರಿಸಿದವರು ಬಸ್ ಡ್ರೈವರ್ ಫಕೀರಪ್ಪ ಮತ್ತು ಅವನ ಹೆಂಡತಿ ಮಹಾನಂದಾ. ಅವರಿಗಿದ್ದದ್ದು ಅಡಿಗೆಮನೆ ಬಿಟ್ಟರೆ ಒಂದೇ ಕೋಣೆ. ಮಗಳು ಸಹನಾ ಐದು ವರ್ಷದವಳು, ಹುಟ್ಟಿನಿಂದಲೂ ಎದೆ ನಾಜೂಕು. ಅವಳಿಗೆ ಗಾಳಿ ಬೆಳಕು ಇರಲಿ ಎಂದು ಹಿತ್ತಿಲಲ್ಲಿ ಹೊಸ ಕೋಣೆ ಕಟ್ಟಿಸಿದರು. ಅಂಗೈಯಗಲದ ಹಿತ್ತಿಲು. ಒಂದು ಗೋಡೆ ಎಲ್ಲೆಯ ಮೇಲೆಯೇ ಬಂತು. ಆ ಗೋಡೆಯಲ್ಲಿ, ಹೆಂಗಸಿನ ಭುಜದ ಎತ್ತರಕ್ಕೆ, ನನ್ನ ಜಾಗ. ನನ್ನ ಒಂದು ಮುಖ ಸಹನಾಳ ಹಾಸಿಗೆಯ ಕಡೆಗೆ, ಇನ್ನೊಂದು ಪಕ್ಕದ ಬಸಲಿಂಗವ್ವನ ಅಂಗಳದ ಕಡೆಗೆ. ಬೇರೆ ವಸ್ತುಗಳು ಒಬ್ಬರ ಕೈಬಿಟ್ಟು ಇನ್ನೊಬ್ಬರ ಕೈ ಸೇರುತ್ತವೆ. ನಾನು ಒಂದೇ ಕಾಲಕ್ಕೆ ಇಬ್ಬರ ಕೈಗೂ ಸಿಕ್ಕಿಬಿದ್ದೆ.

ಬಸಲಿಂಗವ್ವ ಗಂಡ ಹೋದ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಬದುಕಿದವಳು. ಮನೆಮನೆಗೆ ಹಾಲು ಹಾಕುತ್ತಿದ್ದಳು. ಸಗಣಿ ತಟ್ಟಿ ಒಣಗಿಸಿ, ಬಚ್ಚಲೊಲೆ ಇರುವವರಿಗೆ ಕುಳ್ಳು ಮಾರುತ್ತಿದ್ದಳು. ಗೋಡೆ ಏಳುವಾಗ ಅವಳು ಏನೂ ತಕರಾರು ಮಾಡಲಿಲ್ಲ. ಗೋಡೆ ಕಟ್ಟುತ್ತಿದ್ದ ಗೌಂಡಿ ಹುಸೇನಸಾಬನಿಗೆ ತನ್ನ ನಳದ ನೀರನ್ನೂ ಕೊಟ್ಟಳು.

ಹುಸೇನಸಾಬ ಕೈ ಪಳಗಿದ ಗೌಂಡಿ, ಆದರೆ ಅವನ ಕೈ ಪಳಗಿದ್ದು ಇಟ್ಟಿಗೆಯ ಮೇಲೆ. "ಗ್ವಾಡಿಗೆ ಹೊಟ್ಟಿ ತುಂಬ ನೀರ ಕುಡಿಸಬೇಕು, ಸಿಮೆಂಟಿಗೆ ಕೈ ಬಿಗಿ ಹಿಡೀಬಾರದು" ಎನ್ನುತ್ತ ಪೈಪು ಹಿಡಿದು ನಮ್ಮನ್ನು ತೋಯಿಸಿದ. ಒಳಮುಖಕ್ಕೆ ಸಿಮೆಂಟು ಹೆಚ್ಚಿದ್ದ ಗಾರೆಯನ್ನು ದಪ್ಪಗೆ ಬಳಿದ. ನಾವು ನೀರು ಕುಡಿದು ಹಿಗ್ಗಿದೆವು, ಒಣಗುತ್ತ ಕುಗ್ಗಿದೆವು. ನಮ್ಮಂಥ ಮೆತ್ತನೆಯ ಮೈಗೆ ಅಂಥ ಗಡಸು ಗಾರೆ ಹೊಂದಲಿಲ್ಲ. ವಾರದೊಳಗೆ ಕೂದಲೆಳೆಯಂಥ ಬಿರುಕು ಮೂಡಿತು, ಬೆರಳಿನಿಂದ ತಟ್ಟಿದರೆ ಅಲ್ಲಲ್ಲಿ ಟೊಳ್ಳು ಸದ್ದು. ಕೋಣೆಯೊಳಗಿನದು ನನಗೆ ಕಾಣುತ್ತಿದ್ದದ್ದು ಆ ಬಿರುಕಿನಿಂದಲೇ.

ಆಮೇಲೆ ಹೊರಮುಖದ ಸರದಿ. ಬಸಲಿಂಗವ್ವನ ಅಂಗಳದಲ್ಲಿ ಬೊಂಬು ನಿಲ್ಲಿಸಿ ಅಟ್ಟ ಕಟ್ಟಿದರು. ಮೊದಲ ದಿನವೇ ಹುಸೇನಸಾಬ ಗಾರೆ ಬಳಿಯುವ ಥಾಪಿಯಿಂದ ಹಾರಿದ ಸಿಮೆಂಟಿನ ಮಾಲು ಎಮ್ಮೆಯ ಕಲಗಚ್ಚಿನ ಬಾನಿಗೆ ಬಿತ್ತು. ಯಾರೂ ನೋಡಲಿಲ್ಲ. ಚಂದ್ರಿ ಎಂಬ ಎಮ್ಮೆ ಅದನ್ನೇ ಕುಡಿಯಿತು. ಮಾರನೆಯ ಬೆಳಿಗ್ಗೆ ಬಸಲಿಂಗವ್ವ ಖಾಲಿ ಚೆರಿಗೆ ಹಿಡಿದು ಗೋಡೆಯ ಬುಡಕ್ಕೆ ಬಂದಳು.

"ಮಹಾನಂದಾ, ನಿಮ್ಮ ಗೌಂಡಿ ನನ್ನ ಬಾನ್ಯಾಗ ಸಿಮೆಂಟ್ ಚೆಲ್ಯಾನ. ಚಂದ್ರಿ ಹೊಟ್ಟಿ ಉಬ್ಬೇತಿ. ಹನಿ ಹಾಲ ಬಿಡವಲ್ಲದು."

ಮಹಾನಂದಾ ಬಾಯಿ ತೆರೆಯುವ ಮೊದಲೇ, ಮಾಳಿಗೆಯ ಮೇಲಿದ್ದ ಫಕೀರಪ್ಪ ಬಗ್ಗಿ ಹೇಳಿದ. "ಚಿಂತಿ ಬಿಡಬೇ! ಸಿಮೆಂಟ್ ಕುಡದ ಎಮ್ಮಿ ಗಟ್ಟಿ ಹಾಲ ಕೊಡತೈತಿ. ನೀರ ಬೆರಸಾಕ ನಿನಗೂ ಅನುಕೂಲ ಆತು!"

ಅಟ್ಟದ ಮೇಲಿದ್ದ ಆಳುಗಳು ಘೊಳ್ಳೆಂದು ನಕ್ಕರು. ಮಹಾನಂದಾ ನಗಲಿಲ್ಲ. ಹಾಲು ಮಾರುವವಳಿಗೆ ನಾಲ್ಕು ಮಂದಿಯೆದುರು ಆಡಬಾರದ ಮಾತು ಅದೊಂದೇ ಎಂದು ಅವಳಿಗೆ ಗೊತ್ತಿತ್ತು.

ಬಸಲಿಂಗವ್ವನ ಮುಖ ಕಪ್ಪಿಟ್ಟಿತು. "ನಾ ನೀರ ಬೆರಸಿದ್ದ ನೀ ಯಾವಾಗ ಕಂಡಿಯೋ? ನಿನ್ನ ಮಗಳು ಹಾಲ ಕುಡದ ಬೆಳದಾಳೋ, ನೀರ ಕುಡದ ಬೆಳದಾಳೋ? ಇಳಿಸು ನಿನ್ನ ಅಟ್ಟ! ಇನ್ನ ಈ ಅಂಗಳದಾಗ ನಿಮ್ಮ ಮಂದಿ ಕಾಲಿಟ್ರ ಕಾಲ ಮುರೀತೀನಿ."

ಅವಳು ಮಾತಿಗೆ ಕಾಯಲಿಲ್ಲ. ಬೊಂಬಿಗೆ ಕಟ್ಟಿದ ಹಗ್ಗವನ್ನು ಕುಡುಗೋಲಿನಿಂದ ಕೊಯ್ಯತೊಡಗಿದಳು. ಆಳುಗಳು ಜಿಗಿದು ಓಡಿದರು. ಹೊರಗಿನ ಗಾರೆ ಅಲ್ಲಿಗೆ ನಿಂತಿತು. ನನ್ನ ಹೊರಮೈ ಬತ್ತಲೆಯಾಗಿಯೇ ಉಳಿಯಿತು.

ಚಂದ್ರಿ ಎರಡು ದಿನದಲ್ಲಿ ಸುಧಾರಿಸಿತು. ಮಾತು ಸುಧಾರಿಸಲಿಲ್ಲ. ಆ ಮನೆಗೆ ಬರುತ್ತಿದ್ದ ಹಾಲೂ ನಿಂತಿತು. ಮಹಾನಂದಾ ಹೋಗಿ ಬಾಗಿಲಲ್ಲಿ ನಿಂತು ಕೇಳಿಕೊಂಡಳು. "ನೀ ಯಾಕ ಬಂದಿ? ಅಂದಾವ ಬರ್ಲಿ" ಎಂದು ಬಸಲಿಂಗವ್ವ ಕದ ಹಾಕಿದಳು. ಫಕೀರಪ್ಪನಿಗೆ ಹೇಳಿದರೆ, "ಚಾಷ್ಟಿ ಮಾಡೀನಿ. ಅಷ್ಟಕ್ಕ ಆಕಿ ಕಾಲ ಹಿಡೀಲೇನು?" ಎಂದು ಉಣ್ಣುವ ತಾಟು ಸರಿಸಿ ಎದ್ದ. ಮಹಾನಂದಾ ತಾಟು ಎತ್ತಿದಳು, ನೆಲ ಒರೆಸಿದಳು. ಅವಳ ಕಣ್ಣು ಮಾತ್ರ ನನ್ನ ಮೇಲಿತ್ತು. ಮಳೆಗಾಲ ಹತ್ತಿರ ಬಂದಿತ್ತು.

ಮರುದಿನದಿಂದ ಬಸಲಿಂಗವ್ವ ನಮ್ಮ ಮೇಲೆ ಕುಳ್ಳು ತಟ್ಟತೊಡಗಿದಳು. ಮೊದಲು ಅದು ಬರೀ ಸಿಟ್ಟು. ಒಂದೊಂದು ಉಂಡೆಯನ್ನೂ ಕಪಾಳಕ್ಕೆ ಹೊಡೆದಂತೆ ಹೊಡೆಯುತ್ತಿದ್ದಳು. ಆಮೇಲೆ ಅವಳಿಗೆ ನಮ್ಮ ಗುಣ ತಿಳಿಯಿತು. ಬೇರೆ ಗೋಡೆಯ ಮೇಲೆ ಒಣಗಲು ದಿನಗಟ್ಟಲೆ ಬೇಕಾದ ಕುಳ್ಳು ನಮ್ಮ ಮೇಲೆ ಬೇಗ ಒಣಗುತ್ತಿತ್ತು. ಸಗಣಿಯ ನೀರನ್ನೆಲ್ಲ ನಾನು ಒಳಗೆ ಎಳೆದುಕೊಳ್ಳುತ್ತಿದ್ದೆ. ಸಿಟ್ಟಿಗೆ ಅನುಕೂಲವೂ ಕೂಡಿತು. ಇನ್ನು ಅವಳು ಜಾಗ ಬಿಟ್ಟುಕೊಡುವ ಮಾತೇ ಇರಲಿಲ್ಲ.

ಮಳೆ ಹಿಡಿಯಿತು. ಧಾರವಾಡದ ಜಿಟಿಜಿಟಿ ಮಳೆ ಜೋರಾಗಿ ಹೊಡೆಯುವುದಿಲ್ಲ, ಬಿಡುವುದೂ ಇಲ್ಲ. ನಾನು ಕುಡಿದೆ, ನನ್ನ ಪಕ್ಕದವು ಕುಡಿದವು. ಕುಡಿದದ್ದನ್ನು ಒಳಗಿನ ಟೊಳ್ಳು ಗಾರೆಗೆ ದಾಟಿಸಿದೆವು. ಒಳಗೆ ಸುಣ್ಣ ಉಬ್ಬಿ ಪುಡಿ ಉದುರಿತು. ಕುಳ್ಳು ಇದ್ದಲ್ಲೆಲ್ಲ ದುಂಡನೆಯ ಕಂದು ಕಲೆಗಳು ಸಾಲಾಗಿ ಮೂಡಿದವು. ಸಹನಾ ಅವಕ್ಕೆ ಪೆನ್ಸಿಲಿನಿಂದ ಕಣ್ಣು, ಮೂಗು, ಬಾಯಿ ಬರೆದಳು. "ಇವರೆಲ್ಲಾ ನನ್ನ ಮಂದಿ" ಎಂದಳು. ಅಷ್ಟು ಹೇಳಲು ಅವಳಿಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು.

ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಮನೆಯಲ್ಲಿ ಹಸಿ ಗೋಡೆ ಇದೆಯೇ ಎಂದು ಕೇಳಿದರಂತೆ. ಮಹಾನಂದಾ ಹಾಸಿಗೆಯನ್ನು ಮುಂದಿನ ಕೋಣೆಗೆ ಎಳೆದಳು. ಬೂಷ್ಟಿನ ವಾಸನೆ ಹಿಂದೆಯೇ ಹೋಯಿತು. ಮಗಳನ್ನು ಎದೆಗೊರಗಿಸಿಕೊಂಡು ಬೆನ್ನು ನೀವುತ್ತ, "ಸಾವಕಾಶ ಎಳಕೋ, ನನ್ನ ಕಂದಾ, ಸಾವಕಾಶ" ಎನ್ನುತ್ತಿದ್ದಳು. ಆ ಉಸಿರಿನ ಸಿಳ್ಳೆ ನನಗೆ ಕೇಳುತ್ತಿತ್ತು. ನನ್ನ ಬಾಯಾರಿಕೆಯ ಮೇಲೆ ನನಗೇ ಹೇಸಿಗೆ ಹುಟ್ಟಿದ್ದು ಆ ಮಳೆಗಾಲದಲ್ಲಿ.

ಮುಂದಿನ ಬೇಸಿಗೆಯಲ್ಲಿ ಫಕೀರಪ್ಪ ಒಂದು ಉಪಾಯ ಹೂಡಿದ. ಮಾಳಿಗೆಯಿಂದ ಹಗ್ಗ ಇಳಿಬಿಟ್ಟು ಹಲಗೆ ಕಟ್ಟಿ ಹುಸೇನಸಾಬನನ್ನು ಕೂರಿಸಿದ. "ನಿನ್ನ ನೆಲಾ ಮುಟ್ಟಿಲ್ಲ ನೋಡು! ಗಾಳ್ಯಾಗ ಅದಾನ!" ಎಂದು ಮೇಲಿನಿಂದ ಕೂಗಿದ.

"ಗಾಳಿ ನಿಮ್ಮಪ್ಪಂದೇನು?" ಕೆಳಗಿನಿಂದ ಬಸಲಿಂಗವ್ವ ಉದ್ದನೆಯ ಗಳ ತಂದು ಹಲಗೆಯನ್ನು ತಿವಿದಳು. ಹುಸೇನಸಾಬ ತೊಟ್ಟಿಲಂತೆ ತೂಗಾಡಿದ. "ಅಮ್ಮಾರ, ನನಗ ಮಕ್ಕಳ ಅದಾವ್ರಿ!" ಎಂದು ಹಗ್ಗ ತಬ್ಬಿಕೊಂಡ. ಆ ಗದ್ದಲದಲ್ಲಿ ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಥಾಪಿ. ನಮ್ಮ ಮೈಮೇಲಿನ ಸಗಣಿಯ ಪದರನ್ನು ಕೆರೆಯಲು ಅವನಿಗೆ ಬಿಡುವೆಲ್ಲಿ? ಅದರ ಮೇಲೆಯೇ ಗಾರೆ ಮೆತ್ತಿ ಹೇಗೋ ಮುಗಿಸಿ ಮೇಲೆ ಹತ್ತಿದ.

ಅದು ನಮ್ಮನ್ನು ಹಿಡಿಯಲಿಲ್ಲ. ಕೆಲವು ದಿನಕ್ಕೆ, ಉರಿಬಿಸಿಲಿನಲ್ಲಿ, ಬಾಗಿಲಿನಷ್ಟು ದೊಡ್ಡ ಚಕ್ಕೆಯೊಂದು ಕಳಚಿ ಕೆಳಗೆ ಬಿತ್ತು. ಬಸಲಿಂಗವ್ವ ಆಗಷ್ಟೇ ಹಾಲು ಕರೆದು ಎದ್ದಿದ್ದಳು. ಅವಳು ಕೂತಿದ್ದ ಮಣೆ ಎರಡು ಹೋಳಾಯಿತು. ಅವಳು ಆ ಹೋಳುಗಳನ್ನು ಎತ್ತಿ ಒಲೆಯ ಕಟ್ಟಿಗೆಗೆ ಸೇರಿಸಿದಳು. ಮರುದಿನ ಗೋಡೆಯ ಬುಡಕ್ಕೆ ಉದ್ದಕ್ಕೂ ಜಾಲಿಮುಳ್ಳು ಬಿತ್ತು. ಉಳಿದ ಚಕ್ಕೆಗಳನ್ನು ಗಳದಿಂದ ತಾನೇ ಕೆಡವಿ, ಬೇಕಾದಲ್ಲಿ ಮುಳ್ಳು ಸರಿಸಿಕೊಂಡು, ಮತ್ತೆ ಕುಳ್ಳು ತಟ್ಟಿದಳು.

ಹೀಗಿರುವಾಗ ಮುಂಗಾರಿನ ಮೊದಲ ಮಳೆ ಒಂದು ಮಧ್ಯಾಹ್ನ ಏಕಾಏಕಿ ಕವಿಯಿತು. ಬಸಲಿಂಗವ್ವ ಹಾಲು ಹಾಕಲು ಹೋಗಿದ್ದಳು, ಫಕೀರಪ್ಪ ಡ್ಯೂಟಿಯ ಮೇಲಿದ್ದ. ಮಹಾನಂದಾ ಒಣಗಿದ ಬಟ್ಟೆ ತೆಗೆಯಲು ಮಾಳಿಗೆಗೆ ಬಂದವಳು ಕೆಳಗೆ ಬಗ್ಗಿ ನೋಡಿದಳು. ಗೋಡೆಯ ತುಂಬ ಅರೆಹಸಿ ಕುಳ್ಳು. "ಕರಗಿ ಹೋಗ್ಲಿ. ಒಂದೂ ಉಳೀಬಾರದು" ಎಂದಳು. ನಾನೇ ಕೇಳಿದ್ದೇನೆ. ಅಷ್ಟು ಕಹಿಯಾದ ಮಾತು ಅವಳ ಬಾಯಿಂದ ಅದೇ ಮೊದಲು.

ಆದರೆ ಕರಗಿದರೆ ಆ ನೀರು ಎಲ್ಲಿಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬಟ್ಟೆಯನ್ನು ಅಲ್ಲೇ ಬಿಸಾಕಿ ಬಸಲಿಂಗವ್ವನ ಅಂಗಳಕ್ಕೆ ಓಡಿಬಂದಳು. ಜಾಲಿಮುಳ್ಳನ್ನು ಕಾಲಿನಿಂದ ಸರಿಸಿ, ಕಾಲು ಗೀರಿಸಿಕೊಂಡು, ಒಂದೊಂದೇ ಕುಳ್ಳನ್ನು ನಮ್ಮ ಮೈಯಿಂದ ಕಿತ್ತಳು. ಅವಳು ಬಸಲಿಂಗವ್ವನ ಕುಳ್ಳು ಉಳಿಸಲು ಬರಲಿಲ್ಲ. ಗೋಡೆ ಉಳಿಸಲು ಬಂದಳು. ಕಿತ್ತದ್ದನ್ನು ಮಾತ್ರ ಕೆಸರಿಗೆ ಎಸೆಯಲು ಕೈ ಬರಲಿಲ್ಲ. ಸೆರಗಿನಲ್ಲಿ ತುಂಬಿ ತುಂಬಿ ತನ್ನ ಮುಂಬಾಗಿಲ ಕಟ್ಟೆಯ ಮೇಲೆ ಒಟ್ಟಿದಳು.

ಬಸಲಿಂಗವ್ವ ತೊಯ್ದು ತೊಪ್ಪೆಯಾಗಿ ಬಂದಾಗ ಕಂಡದ್ದು ತನ್ನ ಅಂಗಳದ ಬೋಳು ಗೋಡೆ ಮತ್ತು ಪಕ್ಕದ ಕಟ್ಟೆಯ ಮೇಲೆ ತನ್ನ ಕುಳ್ಳು.

"ಕಳ್ಳಿ! ಗಂಡ ನನ್ನ ಹಾಲಿಗೆ ಹೆಸರಿಟ್ಟ, ಹೆಂಡತಿ ಕುಳ್ಳಿಗೆ ಕೈ ಹಾಕಿದಳು! ಬರ್ರೆವ್ವಾ, ನೋಡ್ರಿ ಡ್ರೈವರನ ಹೇಂತಿ ಕಸಬು!"

ಓಣಿಯ ಹೆಂಗಸರು ಕೊಡೆ ಹಿಡಿದು ಬಾಗಿಲಿಗೆ ಬಂದರು. ಮಹಾನಂದಾ ಕಟ್ಟೆಯಿಳಿದು ಬಂದಳು. ಸಗಣಿಯಾದ ಕೈಯಿಂದಲೇ ಬಸಲಿಂಗವ್ವನ ಮುಂಗೈ ಹಿಡಿದಳು.

"ಬಾ. ಒಳಗ ಬಾ. ನಿನ್ನ ಕುಳ್ಳು ಇನ್ನೂ ಅದಾವ. ಎಣಿಸ್ಕೊಂಡ ಹೋಗು."

"ಕೈ ಬಿಡ ಮೊದಲ!"

"ಬಿಡಂಗಿಲ್ಲ."

ಎಳೆದುಕೊಂಡೇ ಕೋಣೆಗೆ ಬಂದಳು. ನಾನು ನನ್ನ ಇಬ್ಬರು ಒಡತಿಯರನ್ನೂ ಒಂದೇ ಕಡೆ ನೋಡಿದ್ದು ಅದೇ ಮೊದಲು. ಹೋದ ವರ್ಷದ ಕಲೆಗಳು ಗೋಡೆಯ ತುಂಬ ಇದ್ದವು. ಕೆಳಗಿನ ಸಾಲು ನೇರ, ಮೇಲಿನ ಸಾಲು ಬಲಕ್ಕೆ ಹೋಗುತ್ತ ಕುಸಿದಿತ್ತು. ಬಸಲಿಂಗವ್ವನ ಬಲಗೈ ಪೂರ್ತಿ ಮೇಲೇಳುತ್ತಿರಲಿಲ್ಲ, ತಾನು ತಟ್ಟಿದ ಸಾಲು ಅವಳಿಗೆ ಗುರುತು ಸಿಕ್ಕಿತು. ಪ್ರತಿಯೊಂದು ಕಲೆಗೂ ಕಣ್ಣಿತ್ತು, ಬಾಯಿತ್ತು.

ಬೇಸಿಗೆಗೆ ಮತ್ತೆ ಈ ಕೋಣೆಗೆ ಮರಳಿದ್ದ ಸಹನಾ ಗೋಡೆಗೊರಗಿ ಕೂತು ಒಂದನ್ನು ತೋರಿಸಿದಳು. "ಅಜ್ಜಿ, ಇಕಿ ನೋಡು... ಸಿಟ್ಟಿನಾಕಿ." ನಡುವೆ ಕೆಮ್ಮು ಬಂತು. ಮಾತು ಮುಗಿಸಲು ಉಸಿರು ಸಾಲದೆ ಬಾಯಿ ತೆರೆದುಕೊಂಡೇ ಇದ್ದಳು.

ಬಸಲಿಂಗವ್ವ ಅಂಗೈಯನ್ನು ನನ್ನ ಮೇಲಿಟ್ಟಳು. ಅಲ್ಲಿಯೇ ಇಟ್ಟಿದ್ದಳು, ಮಗುವಿನ ಉಸಿರು ಸ್ವಲ್ಪ ಹದಕ್ಕೆ ಬರುವವರೆಗೂ. ಆಮೇಲೆ ಬೆರಳಿನಿಂದ ತಟ್ಟಿ ನೋಡಿದಳು.

"ಒಳಗಿಂದೂ ಟೊಳ್ಳು. ಎಂಥಾ ಗೌಂಡಿನ ಹಿಡದೀರಿ!"

ಮಹಾನಂದಾ ಮಗಳ ಬೆನ್ನು ನೀವುತ್ತಿದ್ದಳು.

"ಬಿಸಲ ಬಿದ್ದು ಗ್ವಾಡಿ ಒಣಗಿದ ಮ್ಯಾಲೆ ಬರ್ಲಿ ಅವ. ನಿನ್ನ ಗಂಡ ಬರಬಾರದು. ಹನಿ ಮಾಲು ನನ್ನ ಅಂಗಳದಾಗ ಬಿದ್ರ ನೀನ ಬಳೀಬೇಕು."

"ಬಳೀತೀನಿ."

"ನಾ ಕುಳ್ಳು ಬಡಿಯೂದ ಬಿಡಂಗಿಲ್ಲ ಮತ್ತ. ಜಾಗಾ ನಂದು."

"ಬಡಿ. ಪ್ಲಾಸ್ಟರ ಗಟ್ಟಿ ಆದಮ್ಯಾಲೆ ಬಡಿ."

ಬಿಸಿಲು ಬಿತ್ತು. ಹುಸೇನಸಾಬ ಈ ಸಲ ಅವಸರ ಮಾಡಲಿಲ್ಲ. ತನ್ನ ಗಾರೆ ಕಳಚಿ ಬಿದ್ದದ್ದು ಅವನ ಮನಸ್ಸಿನಲ್ಲೂ ಉಳಿದಿತ್ತು. ತಂತಿಯ ಬ್ರಷ್ಷಿನಿಂದ ನಮ್ಮ ಮೈಯ ಸಗಣಿ, ಧೂಳು ಎಲ್ಲವನ್ನೂ ಬಿಳುಪು ಕಾಣುವವರೆಗೆ ಉಜ್ಜಿದ. ಪೈಪು ಹಿಡಿಯಲಿಲ್ಲ, ಕಸಬರಿಗೆ ಅದ್ದಿ ನೀರು ಚಿಮುಕಿಸಿದ, ಅಷ್ಟೇ. ಕಂಬ ಮತ್ತು ಬ್ಲಾಕು ಕೂಡುವಲ್ಲಿ ತಂತಿಯ ಜಾಲರಿ ಬಡಿದ. ಮೊದಲು ತೆಳ್ಳನೆಯ ಒರಟು ಪದರು, ಅದು ಹಿಡಿದ ಮೇಲೆ ಸಿಮೆಂಟು ಕಡಿಮೆ ಇದ್ದ ಎರಡನೆಯ ತೆಳು ಪದರು. ಮಹಾನಂದಾ ಬಾನಿಯ ಮೇಲೆ ತಾಡಪಾಲು ಹಿಡಿದು ಬಿಸಿಲಲ್ಲಿ ನಿಂತಿದ್ದಳು. ನೆಲಕ್ಕೆ ಬಿದ್ದ ಮಾಲನ್ನು ಬಗ್ಗಿ ಬಗ್ಗಿ ಬಳಿಯುತ್ತಿದ್ದಳು. ಬಸಲಿಂಗವ್ವ ತೊಡೆಯ ಮೇಲೆ ಕೋಲಿಟ್ಟುಕೊಂಡು ಎದುರಿಗೇ ಕೂತಿದ್ದಳು.

"ಏ ಸಾಬ, ಅಲ್ಲಿ ಬಿಟ್ಟಿ ನೋಡು."

"ಕಾಣತೈತ್ರಿ ಅಮ್ಮಾರ. ನನಗೂ ಕಣ್ಣದಾವ."

"ಹೋದ ಸಲಾನೂ ಇದ್ವು. ನನ್ನ ಮಣಿ ಮುರೀತು."

ನನ್ನ ಹೊರಮುಖಕ್ಕೆ ಗಾರೆ ಬೀಳುವಾಗ ಕೊನೆಗೆ ಕಂಡದ್ದು ಆ ಇಬ್ಬರನ್ನು. ಒಬ್ಬಳು ತಾಡಪಾಲು ಹಿಡಿದಿದ್ದಳು, ಒಬ್ಬಳು ಕೋಲು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮುಂದಿನ ವಾರ ಒಳಗಿನ ಟೊಳ್ಳು ಗಾರೆಯನ್ನೂ ಕೆತ್ತಿ ತೆಳ್ಳಗೆ ಬಳಿದರು. ಸಹನಾ ತನ್ನ ಮಂದಿ ಹೋದರೆಂದು ಅತ್ತಳು. ಗಟ್ಟಿಯಾಗಿ, ಉಸಿರುಗಟ್ಟದೆ, ಹಟ ಹಿಡಿದು ಅತ್ತಳು. ಮಹಾನಂದಾ ಅವಳನ್ನು ಸುಮ್ಮನಿರಿಸದೆ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು.

ಈಗ ನನಗೆ ವಯಸ್ಸಾಯಿತು. ಎರಡೂ ಕಡೆ ಮುಚ್ಚಿದ ಕತ್ತಲೆಯಲ್ಲಿದ್ದೇನೆ. ಏನೂ ಕಾಣಿಸದಿದ್ದರೂ ಕೇಳಿಸುತ್ತದೆ. ಆ ಇಬ್ಬರು ರಾಜಿಯಾಗಲಿಲ್ಲ. ಫಕೀರಪ್ಪ ಕೊನೆಗೂ ತಪ್ಪಾಯಿತೆನ್ನಲಿಲ್ಲ. ಬಸಲಿಂಗವ್ವ ಆ ಮನೆಗೆ ಮತ್ತೆಂದೂ ಹಾಲು ಹಾಕಲಿಲ್ಲ. ಮಾಳಿಗೆಯ ನೀರು ಅಂಗಳಕ್ಕೆ ಬಿತ್ತೆಂದು ಒಂದು ಜಗಳ, ನಳದ ಪಾಳಿಗೆ ಒಂದು ಜಗಳ. ನಾನು ಮೊದಲು ಅಂದುಕೊಂಡಿದ್ದೆ, ಸಿಟ್ಟು ಇಳಿದರೆ ಮಾತ್ರ ಗೋಡೆ ಒಣಗುತ್ತದೆ ಎಂದು. ಹಾಗೇನೂ ಇಲ್ಲ. ಸಿಟ್ಟು ಸಿಟ್ಟಿನ ಪಾಡಿಗಿರುತ್ತದೆ. ಅದು ಮಗುವಿನವರೆಗೆ ಹೋಗದಂತೆ ಬೆರಳ ದಪ್ಪದ ಗಾರೆ ಸಾಕಾಗುತ್ತದೆ, ಇಬ್ಬರೂ ನಿಂತು ಹಾಕಿಸಿದರೆ.

ಬಸಲಿಂಗವ್ವನ ಕೈ ಈಗ ಇನ್ನೂ ಕೆಳಗಿಳಿದಿದೆ. ಆದರೂ ದಿನಾ ಬೆಳಗಾದರೆ ಬಂದು ನನ್ನ ಹೊರಮೈಗೆ ಕುಳ್ಳು ಬಡಿಯುತ್ತಾಳೆ. ಪೆಟ್ಟು ನನಗೆ ಮುಟ್ಟುತ್ತದೆ, ನೀರು ಮುಟ್ಟುವುದಿಲ್ಲ. ಒಳಗೆ ಸಹನಾ ಆ ಸದ್ದಿಗೆ ಮುಖ ಗಂಟಿಕ್ಕಿ ಮಗ್ಗಲು ಬದಲಿಸುತ್ತಾಳೆ. ಕೆಮ್ಮುವುದಿಲ್ಲ.