ಗಿರಣಿ ಮೂಲೆಯ ತಿರುವು

"ನಿಲ್ಸಿ, ನಿಲ್ಸಿ! ಗೋಡೆಗೆ ತಾಗ್ತು!"

ಮೇಷ್ಟ್ರು ಎರಡೂ ಕೈ ಮೇಲೆತ್ತಿ ಕೂಗಿದ ರಭಸಕ್ಕೆ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಮುಂದಿದ್ದ ಟ್ರ್ಯಾಕ್ಟರ್ ನಿಂತಿತು. ಹಿಂದೆ ತಳ್ಳುಗಾಡಿ ಹಿಡಿದಿದ್ದವರು ನಿಂತರು. ನಡುವೆ ಗಳಕ್ಕೆ ಹೆಗಲು ಕೊಟ್ಟಿದ್ದ ಅರ್ಧ ಊರು ಒಬ್ಬರ ಬೆನ್ನಿಗೊಬ್ಬರು ಮುಗ್ಗರಿಸಿ ನಿಂತಿತು. ಬಿದಿರುಗಳನ್ನು ಒಂದರ ತುದಿಗೊಂದು ಬಿಗಿದು ಕಟ್ಟಿದ ಆ ಬೀದಿಯುದ್ದದ ಗಳದ ನಡುಭಾಗ ಹಿಟ್ಟಿನ ಗಿರಣಿಯ ಮೂಲೆಗೆ ಬಂದು ಒತ್ತಿಕೊಂಡಿತ್ತು.

ಈ ಮೆರವಣಿಗೆಗೆ ಕಾರಣವಿತ್ತು. ಊರಿನ ಹಿಂದಿನ ಗುಡ್ಡದ ಮೇಲೆ ಒಂದು ಗಾಳಿಯಂತ್ರ ನಿಲ್ಲಿಸಬೇಕು, ಅದು ಯಾವ ಕಂಪನಿಯದೂ ಆಗದೆ ಪಾಲು ಹಾಕಿದ ಊರಿನವರದೇ ಆಗಬೇಕು ಎಂದು ಸಂಘ ಕಟ್ಟಿಕೊಂಡು ಓಡಾಡಲು ಶುರುಮಾಡಿ ಬಹಳ ಕಾಲವಾಗಿತ್ತು. ಕರೆಂಟು ಈ ಊರಿಗೆ ಅವಸರದ ನೆಂಟರ ಹಾಗೆ ಬರುತ್ತಿತ್ತು. ಕೂತುಕೊಳ್ಳಿ ಅನ್ನುವಷ್ಟರಲ್ಲಿ ಹೊರಟುಬಿಡುತ್ತಿತ್ತು. ಗುಡ್ಡದ ಮೇಲೆ ಕಂಬ ನೆಟ್ಟು ಗಾಳಿ ಅಳೆದದ್ದಾಯಿತು, ಗಾಳಿ ಬೇಕಾದಷ್ಟಿದೆ ಎಂದು ಪಟ್ಟಣದಿಂದ ಬಂದ ಎಂಜಿನಿಯರ್ ಹುಡುಗಿ ಹೇಳಿದ್ದಾಯಿತು. ಯಂತ್ರದ ಕಂಬವನ್ನು ತುಂಡುತುಂಡಾಗಿ ತರಬಹುದಂತೆ, ರೆಕ್ಕೆ ಮಾತ್ರ ಇಡಿಯಾಗಿಯೇ ಬರಬೇಕಂತೆ. ಅಂಥ ರೆಕ್ಕೆ ಹೊತ್ತ ಲಾರಿ ಊರೊಳಗೆ ತಿರುಗುತ್ತದೆಯೇ ಎಂದು ಅವಳು ಕೇಳಿದಾಗ ಎಲ್ಲರೂ ತಲೆ ಕೆರೆದುಕೊಂಡರು. "ರೆಕ್ಕೆಯಷ್ಟೇ ಉದ್ದದ ಗಳ ಕಟ್ಟಿ ಬೀದಿಯೆಲ್ಲ ಹೊತ್ತು ನೋಡೋಣ, ಕಣ್ಣಿಗೇ ಕಾಣ್ಸತ್ತಲ್ಲ" ಎಂದವಳು ಸಂಘದ ಕಾರ್ಯದರ್ಶಿ, ಗಿರಣಿಯಕ್ಕ. ಈಗ ಗಳ ಬಂದು ಒತ್ತಿಕೊಂಡಿದ್ದು ಅವಳದೇ ಗಿರಣಿಗೆ.

ಹಿಂದಕ್ಕೆ ಎಳೆದು ಮತ್ತೆ ತಿರುಗಿಸಿ ನೋಡಿದರು. ಆಗ ಗಳದ ಬಾಲ ಎದುರಿನ ನೀರಿನ ಟ್ಯಾಂಕಿಗೆ ಬಡಿಯಿತು. ಟ್ಯಾಂಕು ಬಿಟ್ಟರೆ ಗಿರಣಿ, ಗಿರಣಿ ಬಿಟ್ಟರೆ ಟ್ಯಾಂಕು. ಊರೇ ಕುಡಿಯುವ ನೀರಿನ ಟ್ಯಾಂಕನ್ನು ಕದಲಿಸುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಎಂಜಿನಿಯರ್ ಹುಡುಗಿ ಮೂಲೆಯ ಸುತ್ತ ಎರಡು ಸಲ ನಡೆದು ಬಂದು, ಕೆಳದನಿಯಲ್ಲಿ, "ಈ ಮೂಲೆ ಇರೋ ತನಕ ತಿರುಗಲ್ಲ ಮೇಷ್ಟ್ರೇ" ಎಂದಳು.

ಯಾರೂ ಗಿರಣಿಯಕ್ಕನ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಅಷ್ಟೊಂದು ಜನ ಒಟ್ಟಿಗೆ ಕಷ್ಟಪಟ್ಟದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಒಬ್ಬ ಆಕಾಶ ನೋಡಿದ, ಇನ್ನೊಬ್ಬ ಬಿದಿರಿನ ಗಂಟನ್ನು ಬಿಗಿಮಾಡತೊಡಗಿದ. ಬಡಗಿ ಮಾತ್ರ ನೆಟ್ಟಗೆ ನೋಡಿದ. ಕೆಳಗಿನ ತಿರುವಿನಲ್ಲಿ ಅವನ ಅಂಗಡಿಯ ಜಗಲಿ ಅಡ್ಡ ಬರುತ್ತದೆಂದು ಹೋದ ವಾರವಷ್ಟೇ ಅದನ್ನು ಒಡೆಸಿದ್ದರು. ಅಪ್ಪ ಕಟ್ಟಿಸಿದ ಜಗಲಿ ಎಂದು ಅವನು ಗೊಣಗಿದಾಗ, "ಊರಿಗೋಸ್ಕರ ಇಷ್ಟೂ ಮಾಡಲ್ವೇನಣ್ಣಾ?" ಎಂದು ಬಾಯಿ ಮುಚ್ಚಿಸಿದ್ದವಳು ಅವಳೇ. ಈಗ ಆ ಮಾತು ತಿರುಗಿ ಬಂದು ಅವಳ ಕಪಾಳಕ್ಕೆ ಬಡಿದಂತಾಯಿತು.

ಇಟ್ಟಿಗೆ ಸಾಹುಕಾರ ಅಷ್ಟು ಹೊತ್ತೂ ನೀರಿನ ಟ್ಯಾಂಕಿನ ನೆರಳಲ್ಲಿ ಬೈಕಿನ ಮೇಲೆ ಕೂತು ಪುಕ್ಕಟೆ ನಾಟಕ ನೋಡುತ್ತಿದ್ದ. ಊರಿನ ಹೊರಗಿನ ಇಟ್ಟಿಗೆ ಭಟ್ಟಿ ಅವನದು, ಭಟ್ಟಿಯ ಸುತ್ತಲಿನ ಬಯಲೂ ಅವನದು. ಗುಡ್ಡವನ್ನು ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಕಂಪನಿಯೊಂದಕ್ಕೆ ಕೊಡಿಸಲು ಮೊದಲಿನಿಂದಲೂ ತುದಿಗಾಲಲ್ಲಿ ನಿಂತವನು ಅವನು. ಸಂಘದವರ ಯಂತ್ರಕ್ಕೆ 'ಗಾಳಿಗೋಪುರ' ಎಂದು ಹೆಸರಿಟ್ಟು ನಗಿಸಿದವನೂ ಅವನೇ.

"ಯಾಕೆ ಸುಮ್ನೆ ಬಿದಿರು ಹೊತ್ಕೊಂಡು ಒದ್ದಾಡ್ತೀರಿ? ನನ್ನ ಬಯಲಲ್ಲಿ ಲಾರಿ ಸಲೀಸಾಗಿ ಗುಡ್ಡ ಹತ್ತತ್ತೆ" ಎಂದ ಅವನು. "ನಾನೇನು ಬೇಡ ಅನ್ನಲ್ಲ. ಗುಡ್ಡಾನ ಕಂಪನಿಗೆ ಬಿಡಿ, ನಾಳೇನೇ ಬೇಲಿ ತೆಗೀತೀನಿ. ಗಿರಣಿಯಕ್ಕನ ಗಿರಣಿಯೂ ಉಳಿಯತ್ತೆ, ಪಾಪ."

ಆ 'ಪಾಪ' ಅವಳ ಮೈಯೆಲ್ಲ ಉರಿಸಿತು. ಗಂಡ ಎಲ್ಲಿದ್ದಾನೆಂದು ನೋಡಿದಳು. ಟ್ರ್ಯಾಕ್ಟರಿನ ಪಕ್ಕದಲ್ಲಿ ತಲೆ ತಗ್ಗಿಸಿ, ತನ್ನ ಚಪ್ಪಲಿಯನ್ನು ಈಗಷ್ಟೇ ಕೊಂಡವನ ಹಾಗೆ ಪರೀಕ್ಷಿಸುತ್ತ ನಿಂತಿದ್ದ.

ಗಂಡ ಲಾರಿ ಡ್ರೈವರು. ಮಾತು ಕಡಿಮೆ, ಆದ್ದರಿಂದ ಊರಿನವರು ಅವನಿಗೆ ಹಾರ್ನ್ ಎಂದು ಹೆಸರಿಟ್ಟಿದ್ದರು. ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಅವಳು ತಟ್ಟೆ ಇಟ್ಟು ಎದುರಿಗೇ ನಿಂತಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಇದು ನಿಮಗೆ ಮೊದ್ಲೇ ಗೊತ್ತಿತ್ತಾ?"

ಅವನು ಅನ್ನ ಕಲಸುವುದನ್ನು ನಿಲ್ಲಿಸಿದ. "ಲಾರಿ ಓಡಿಸೋನಿಗೆ ತಿರುವು ಗೊತ್ತಾಗಲ್ವಾ?"

"ಯಾವಾಗಿಂದ?"

"ರೆಕ್ಕೆ ಇಡಿಯಾಗಿ ಬರತ್ತೆ ಅಂದ್ರಲ್ಲ, ಆವತ್ತಿಂದ."

"ಆವತ್ತಿಂದ! ನಾನು ಮನೆಮನೆ ಸುತ್ತಿ ಗಂಟಲು ಹರ್ಕೊಂಡೆ. ಬಡಗಿ ಅಣ್ಣನ ಜಗಲಿ ಒಡೆಸ್ದೆ. ನೀವು ಉಂಡ್ಕೊಂಡು ತಿಂದ್ಕೊಂಡು ಸುಮ್ನಿದ್ರಾ?"

"ಅಲ್ಲಿ ತನಕ ಬರಲ್ಲ ಅಂದ್ಕೊಂಡಿದ್ದೆ ಕಣೆ" ಎಂದ ಅವನು, ತಟ್ಟೆಯನ್ನೇ ನೋಡುತ್ತ. "ನಾಲ್ಕು ದಿನ ಓಡಾಡ್ತಾರೆ, ಆಮೇಲೆ ಅವರವರ ಕೆಲಸ ನೋಡ್ಕೋತಾರೆ ಅಂತ. ಆಗದೆ ಇರೋ ಕೆಲಸಕ್ಕೆ ಮನೆಯಲ್ಲಿ ಯಾಕೆ ಜಗಳ ಅಂತ ಸುಮ್ನಾದೆ."

"ಅಂದ್ರೆ ನೀವೂ ಅದನ್ನ ಗಾಳಿಗೋಪುರ ಅಂತಲೇ ಅಂದ್ಕೊಂಡಿದ್ರಿ."

ಅವನು ಅಲ್ಲ ಅನ್ನಲಿಲ್ಲ. ಸಾಹುಕಾರ ಊರಿನ ಮುಂದೆ ಆಡಿಕೊಂಡದ್ದು ಅವಳನ್ನು ಕೆರಳಿಸಿತ್ತು, ಅಷ್ಟೇ. ಇದರಿಂದ ನೋವಾಯಿತು. ಸಭೆಯಿಂದ ತಡವಾಗಿ ಬಂದ ದಿನಗಳಲ್ಲಿ ಅವಳಿಗೆ ಅನ್ನ ಮುಚ್ಚಿಟ್ಟು ಕಾದವನು ಇವನೇ. ಅದನ್ನೇ ಅವಳು ಒಪ್ಪಿಗೆ ಅಂದುಕೊಂಡಿದ್ದಳು.

"ಅದೂ ಅಲ್ದೆ," ಎಂದ ಅವನು, "ಮುಂದಿನ ಗೋಡೆ ಹೋದ್ರೆ ಬೀಸೋ ಯಂತ್ರ ಹಿಂದಕ್ಕೆ ಹೋಗ್ಬೇಕು. ಹಿಂದೆ ಇರೋದು ಅಮ್ಮನ ಕೋಣೆ ಒಂದೇ. ಈ ವಯಸ್ಸಲ್ಲಿ ಅಮ್ಮನ್ನ ಎಲ್ಲಿಗೆ ಹಾಕೋದು?"

"ಎಲ್ಲಿಗೆ ಹಾಕೋದು ಅನ್ನೋಕೆ ನಾನೇನು ಹಿಟ್ಟಿನ ಮೂಟೆನೇನೋ?" ಎಂದು ಹಿಂದಿನ ಕೋಣೆಯಿಂದ ದನಿ ಬಂತು. ಅತ್ತೆಗೆ ಕಾಲು ಸೋತಿತ್ತು, ಕಿವಿ ಸೋತಿರಲಿಲ್ಲ. "ನಿನಗೆ ಧೈರ್ಯ ಇಲ್ಲ ಅಂದ್ರೆ ಇಲ್ಲ ಅನ್ನು. ನನ್ನ ಸೆರಗಿನ ಹಿಂದೆ ಬಚ್ಚಿಟ್ಕೋಬೇಡ. ಆ ಇಟ್ಟಿಗೆಯವನ ಹತ್ರ ದಾರಿ ಬೇಡೋದಕ್ಕಿಂತ ನಾನು ಯಂತ್ರದ ಪಕ್ಕದಲ್ಲೇ ಮಂಚ ಹಾಕ್ಕೊಂಡು ಮಲಗ್ತೀನಿ!"

"ಅಮ್ಮಾ, ಆ ಸದ್ದಲ್ಲಿ ನಿದ್ದೆ ಬರತ್ತಾ?"

"ಕರೆಂಟು ಎಲ್ಲಿರತ್ತೋ ಸದ್ದು ಬರೋಕೆ?"

ಬೇರೆ ದಿನವಾಗಿದ್ದರೆ ಗಿರಣಿಯಕ್ಕ ನಕ್ಕುಬಿಡುತ್ತಿದ್ದಳು. ಅವತ್ತು ಗಿರಣಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಈ ಗಿರಣಿ ಗಂಡನದಲ್ಲ, ಅತ್ತೆಯದಲ್ಲ, ಅವಳದು. ಹೆಂಗಸು ಗಿರಣಿ ನಡೆಸುವುದುಂಟೇ ಎಂದು ನಕ್ಕವರ ಕಾಳನ್ನೇ ಬೀಸಿಕೊಟ್ಟು ಬೆಳೆಸಿದ್ದು. ಬೀಸುವ ಕಲ್ಲು ಸವೆದಾಗ ಬಿಚ್ಚಿ ಉಳಿಯಿಂದ ಕಚ್ಚು ಹಾಕುವುದನ್ನೂ, ಬೆಲ್ಟು ಜಾರಿದರೆ ದನಿಯಲ್ಲೇ ಗುರುತಿಸುವುದನ್ನೂ ಕಲಿತದ್ದು ಇಲ್ಲಿ. ಯಂತ್ರ ಸರಿಯಾಗಿ ಆ ಮೂಲೆಯಲ್ಲೇ ಬೇರೂರಿ ಕೂತಿತ್ತು. ಕಿತ್ತು ಬೇರೆ ಕಡೆ ಕೂರಿಸಿದರೆ ಮೊದಲಿನ ಹಾಗೆ ಓಡುತ್ತದೆಂದು ಯಾರು ಹೇಳಬೇಕು? ಊರಲ್ಲಿ ಇಷ್ಟು ಮನೆಗಳಿರುವಾಗ ನನ್ನದೇ ಯಾಕೆ ಎಂದು ಅವಳಿಗೆ ಸಿಟ್ಟು ಬಂತು. ಬಡಗಿಗೂ ಹೀಗೇ ಬಂದಿರಬೇಕು ಎಂದು ಹೊಳೆದು ಸಿಟ್ಟಿನ ಜೊತೆ ನಾಚಿಕೆಯೂ ಸೇರಿಕೊಂಡಿತು.

ಸಂಜೆ ಶಾಲೆಯ ಕೋಣೆಯಲ್ಲಿ ಸಭೆ ಸೇರಿತು. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂತರು, ಜಾಗ ಸಿಗದವರು ಕಿಟಕಿಯಾಚೆ ನಿಂತರು. ಸಾಹುಕಾರನೂ ಕರೆಯದೆಯೇ ಬಂದು ಮುಂದಿನ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ. ಮೇಷ್ಟ್ರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಊರು, ಒಗ್ಗಟ್ಟು, ತ್ಯಾಗ ಎಂದು ಎಲ್ಲೆಲ್ಲೋ ಸುತ್ತಿ ಬಂದು, ಹೇಳಬೇಕಾದ ಒಂದು ಮಾತಿನ ಹತ್ತಿರ ಬಂದಾಗಲೆಲ್ಲ ಪಕ್ಕಕ್ಕೆ ಸರಿದುಬಿಡುತ್ತಿದ್ದರು.

"ಮೇಷ್ಟ್ರೇ, ಪಾಠ ಸಾಕು" ಎಂದು ಗಿರಣಿಯಕ್ಕ ಎದ್ದಳು. "ಎಲ್ಲರೂ ನನ್ನನ್ನ ಹೇಗೆ ಕೇಳೋದು ಅಂತ ಒದ್ದಾಡ್ತಿದ್ದೀರಿ. ಮೊದ್ಲು ನಾನೊಂದು ಕೇಳ್ತೀನಿ." ಅವಳು ಎಂಜಿನಿಯರ್ ಹುಡುಗಿಯ ಕಡೆ ತಿರುಗಿದಳು. "ಮೂಲೆ ಒಡೆದ್ರೆ ಗಾಳಿಯಂತ್ರ ಬಂದೇ ಬರತ್ತಾ ಮೇಡಂ? ಮುಚ್ಚುಮರೆ ಬೇಡ."

ಹುಡುಗಿಯ ಮುಖ ಸಪ್ಪಗಾಯಿತು. "ಸುಳ್ಳು ಹೇಳಲ್ಲ ಅಕ್ಕಾ. ದಾರಿ ಸರಿಯಾಗಿದೆ ಅಂತ ತೋರಿಸಿದ್ರೆ ಮಾತ್ರ ಯಂತ್ರ ಕೊಡೋರು ಮುಂದಿನ ಮಾತಾಡೋದು. ಆಮೇಲೂ ಒಪ್ಪಿಗೆ ಬರಬೇಕು, ಸಾಲ ಸಿಗಬೇಕು. ಬರಬಹುದು. ಬರದೆಯೂ ಇರಬಹುದು."

ಕೋಣೆಯಲ್ಲಿ ಗುಸುಗುಸು ಎದ್ದಿತು. ಸಾಹುಕಾರ ಕುರ್ಚಿಯಲ್ಲಿ ಹಿಂದಕ್ಕೊರಗಿ, ಎಲ್ಲರಿಗೂ ಕೇಳುವ ಹಾಗೆ ನಕ್ಕ. "ಕೇಳಿದ್ರಾ? ಇದನ್ನೇ ನಾನು ಮೊದ್ಲಿಂದ ಬಡ್ಕೊಂಡಿದ್ದು. ಗಾಳಿಗೋಪುರಕ್ಕೆ ಇರೋ ಗಿರಣಿ ಒಡ್ಕೊಳ್ಳೋರನ್ನ ನಾನಂತೂ ಎಲ್ಲೂ ನೋಡಿಲ್ಲಪ್ಪ. ನನ್ನ ದಾರಿ ಇದೆ, ಕಂಪನಿ ಇದೆ, ಬಾಡಿಗೆ ಕೊಡ್ತಾರೆ. ಕೈ ಕೆಸರು ಮಾಡ್ಕೊಳ್ಳದೆ ಕೂತು ತಿನ್ನಿ."

ಗಿರಣಿಯಕ್ಕನಿಗೆ ಅಲ್ಲಿಯ ತನಕ ಎರಡು ಮನಸ್ಸಿತ್ತು. ಕೂತು ತಿನ್ನಿ ಎಂಬ ಮಾತು ಕೇಳಿ ಒಂದೇ ಉಳಿಯಿತು.

"ಗಾಳಿಗೋಪುರ ಅಂತ ನೀವು ಅಷ್ಟು ಸಲ ಅಂದಿದ್ದೀರಿ ಸಾಹುಕಾರ್ರೇ, ನಂಗೀಗ ಆ ಹೆಸರೇ ಇಷ್ಟ ಆಗ್ಬಿಟ್ಟಿದೆ. ಗಾಳಿ ನಮ್ಮ ಗುಡ್ಡದಲ್ಲೇ ಇದೆ, ಅಳೆದಾಗಿದೆ. ಇನ್ನು ಗೋಪುರ ಕಟ್ಟೋದೊಂದು ಬಾಕಿ" ಎಂದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. "ನಮ್ಮ ಗಾಳಿಗೆ ಯಾರೋ ನಮಗೆ ಬಾಡಿಗೆ ಕೊಡೋದು, ನಾವು ಕತ್ತಲಲ್ಲಿ ಕೂತು ಅವರ ಕರೆಂಟಿಗೆ ಕಾಯೋದು. ಅದು ಬೇಡ. ಯಂತ್ರ ಬರದೆ ಹೋದ್ರೆ ನನ್ನ ಗಿರಣಿಗೆ ಒಂದು ಮೂಲೆ ಇಲ್ಲ ಅಂತಾಗತ್ತೆ, ಅಷ್ಟೇ ತಾನೇ? ಮೂಲೆ ಇಲ್ಲದ ಗಿರಣಿಯಲ್ಲೇ ಬೀಸ್ತೀನಿ. ಆದ್ರೆ ದಾರಿ ಇರ್ಲಿಲ್ಲ, ಅದಕ್ಕೇ ಗುಡ್ಡ ಬಿಟ್ಟುಕೊಟ್ವಿ ಅಂತ ನಾಳೆ ಯಾರೂ ನನ್ನ ಗೋಡೆ ತೋರಿಸಿ ಹೇಳಬಾರದು. ಒಡೀತೀನಿ. ಯಾರೂ ಕೇಳಬೇಕಾಗಿಲ್ಲ."

ಹೇಳಿ ಮುಗಿಸಿ ಕೂತಳು. ಬಡಗಿ ಎದ್ದು ನಿಂತು, "ಗೋಡೆ ಒಡೆದಾಗ ಸೂರು ಕುಸೀಬಾರದು, ಮೊದ್ಲು ತೊಲೆಗೆ ಆಸರೆಗಂಬ ಕೊಡ್ಬೇಕು. ನಾಳೆ ಬೆಳಿಗ್ಗೆ ಬರ್ತೀನಿ" ಎಂದಷ್ಟೇ ಹೇಳಿ ಕೂತ. ಸಾಹುಕಾರ ಬೈಕಿನ ಕೀಲಿ ಹುಡುಕುತ್ತ ಹೊರಗೆ ಹೋದ.

ಬೆಳಿಗ್ಗೆ ಬಡಗಿ ಬರುವ ಮೊದಲೇ ಗಿರಣಿಯಲ್ಲಿ ಸದ್ದು ಕೇಳಿತು. ಗಂಡ ಲುಂಗಿ ಎತ್ತಿ ಕಟ್ಟಿಕೊಂಡು ಯಂತ್ರದ ಬೋಲ್ಟು ಸಡಿಲಿಸುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅವಳ ಸಿಟ್ಟು ಪೂರಾ ಇಳಿದಿರಲಿಲ್ಲ.

"ಈಗ ನಂಬಿಕೆ ಬಂತೇನು?"

"ಬಂದಿಲ್ಲ" ಎಂದ ಅವನು, ಸ್ಪ್ಯಾನರ್ ತಿರುಗಿಸುವುದನ್ನು ಬಿಡದೆ. "ಆದ್ರೂ ಒಡಿಯೋದು ಅಂದ್ಮೇಲೆ ಸರಿಯಾಗಿ ಒಡೀಬೇಕು. ಲಾರಿಗೆ ಎಷ್ಟು ಜಾಗ ಬೇಕು ಅಂತ ಇವರಿಗೇನು ಗೊತ್ತು?"

ಅವಳು ಒಳಗೆ ಹೋಗಿ ಇನ್ನೊಂದು ಸ್ಪ್ಯಾನರ್ ತಂದು ಎದುರು ಬದಿಯಲ್ಲಿ ಕೂತಳು.

ಗೋಡೆ ಬೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಂತ್ರ ಸಾಗಿಸುವುದೇ ಹರಸಾಹಸವಾಯಿತು. ಹಗ್ಗ ಕಟ್ಟಿ, ಉರುಳೆಗಳ ಮೇಲೆ ಹೇರಿ, ಐಸಾ ಎಂದು ಕೂಗುತ್ತ ಹಿಂದಿನ ಕೋಣೆಗೆ ತಳ್ಳಿದರು. ಅತ್ತೆ ಮಂಚದಿಂದ ಇಳಿಯಲು ಒಪ್ಪಲಿಲ್ಲ. ಕೊನೆಗೆ ಮಂಚವನ್ನು ಅವಳ ಸಮೇತ ಎತ್ತಿ ಗೋಡೆಗೆ ಸರಿಸಿ ಯಂತ್ರಕ್ಕೆ ಜಾಗ ಮಾಡಿದರು. ಎರಡರ ನಡುವೆ ಒಬ್ಬರು ಅಡ್ಡಡ್ಡ ಹಾಯುವಷ್ಟು ಸಂದಿ ಉಳಿಯಿತು. ನೆಲಕ್ಕೆ ಹಾಕಿದ ಗಾರೆ ಒಣಗಿ ಗಟ್ಟಿಯಾಗುವ ತನಕ ಊರಿನವರು ಕಾಳು ಹೊತ್ತು ಪಕ್ಕದ ಊರಿಗೆ ನಡೆದರು. ಗೊಣಗುವವರು ಗೊಣಗಿದರು, ಬೈಯುವವರು ಬೈದರು.

ಮತ್ತೆ ಗಳ ಹೊರಟ ದಿನ ಟ್ರ್ಯಾಕ್ಟರ್ ಓಡಿಸಿದವನು ಗಂಡ. ಮೂಲೆಯಿದ್ದ ಜಾಗದಲ್ಲಿ ಬರೀ ಬೆಳಕಿತ್ತು. ಗಳದ ನಡುಭಾಗ, ಕಲ್ಲು ತಿರುಗುತ್ತಿದ್ದ ಜಾಗವನ್ನೇ ಹಾಯ್ದು, ಉಳಿದ ಗೋಡೆಯನ್ನು ಒಂದು ಗೇಣು ದೂರದಲ್ಲಿ ಬಿಟ್ಟು ಮುಂದೆ ಸರಿಯಿತು. ಬಾಲ ಟ್ಯಾಂಕಿಗೆ ತಾಗಲಿಲ್ಲ. ಎಂಜಿನಿಯರ್ ಹುಡುಗಿ ಅದನ್ನೆಲ್ಲ ಫೋನಿನಲ್ಲಿ ಹಿಡಿದುಕೊಳ್ಳುತ್ತಿದ್ದಳು. "ಹಾಗೇ ಗುಡ್ಡದ ತನಕ ಹೋಗ್ಲಿ, ನಿಲ್ಲಿಸ್ಬೇಡಿ!" ಎಂದು ಮೇಷ್ಟ್ರು ಕೂಗಿದರು. ಜನ ಹೋ ಎಂದು ಹೆಜ್ಜೆ ಹಾಕಿದರು.

ಗಿರಣಿಯಕ್ಕ ಅವರ ಜೊತೆ ಹೊರಟವಳು ಏನೋ ನೆನಪಾದಂತೆ ಹಿಂದಿನ ಕೋಣೆಗೆ ಬಂದಳು. ಒಂದು ಡಬ್ಬಿ ಗೋಧಿಯನ್ನು ಯಂತ್ರದ ಬಾಯಿಗೆ ಸುರಿದು ಸ್ವಿಚ್ಚು ಒತ್ತಿದಳು. ಕರೆಂಟಿರಲಿಲ್ಲ.

"ಆರಿಸಿ ಹೋಗೇ" ಎಂದಳು ಅತ್ತೆ.

"ಇರ್ಲಿ ಬಿಡಿ ಅತ್ತೆ. ಕರೆಂಟು ಬಂದ್ರೆ ಕಾಳು ಬಿಡ್ತೀರಾ?" ಎಂದು ಕಾಳು ಬಿಡುವ ಹಿಡಿಯನ್ನು ತೋರಿಸಿದಳು. ಅತ್ತೆ ಮಂಚದಲ್ಲೇ ಮುಂದಕ್ಕೆ ಸರಿದು, ಎಲುಬು ಚರ್ಮದ ಕೈ ಚಾಚಿ, ಹಿಡಿಯನ್ನು ಮುಟ್ಟಿ ನೋಡಿದಳು. ಸೊಸೆ ಓಡಿ ಹೋಗಿ ಗಳದ ತುದಿಗೆ ಹೆಗಲು ಕೊಟ್ಟಳು.

ಮುರಿದ ಮೂಲೆಯಿಂದ ಈಗ ಗುಡ್ಡದ ದಾರಿ ಮಂಚಕ್ಕೇ ಕಾಣುತ್ತಿತ್ತು. ಜನರ ಸಾಲು ಅದನ್ನು ನಿಧಾನವಾಗಿ ಏರುತ್ತಿತ್ತು. ಮುದುಕಿ ಅತ್ತ ನೋಡುತ್ತ, ಹಿಡಿಯ ಮೇಲಿನ ಕೈ ತೆಗೆಯದೆ ಕೂತಿದ್ದಳು.