ನಾಯಕರ ಹೆಗಲು

“ಉಸಿರು ಬಿಡಬೇಡ್ವೋ ಬೋಳಿಮಗನೆ, ನಾಯಕರ ಎದೆ ಬಿರುಕು ಬಿಡುತ್ತೆ!”

ಬೈದವನು ಪ್ರತಿಮೆ ಮಾಡುವ ಶಿಲ್ಪಿ. ಬೈಸಿಕೊಂಡವನು ನನ್ನ ಅಕ್ಕನ ಗಂಡ, ನನ್ನ ಹಾಗೇ ಮಾರುಕಟ್ಟೆಯ ಹಮಾಲಿ. ಕುತ್ತಿಗೆಯಿಂದ ಸೊಂಟದವರೆಗೆ ಒದ್ದೆ ಪ್ಲಾಸ್ಟರ್ ಮೆತ್ತಿಸಿಕೊಂಡು ಭಾವ ಕಣ್ಣುಗುಡ್ಡೆ ಮಾತ್ರ ಆಡಿಸುತ್ತ ನಿಂತಿದ್ದ. ನಾಯಕರಿಗೆ ಜಟ್ಟಿಯ ಹಾಗೆ ಬರಿಮೈಯಲ್ಲಿ ನಿಂತ ಕಂಚಿನ ಪ್ರತಿಮೆ ಬೇಕಾಗಿತ್ತು. ಅವರ ಸ್ವಂತ ಎದೆ ಯಾವತ್ತೋ ಹೊಟ್ಟೆಯೊಳಗೆ ಇಳಿದುಹೋಗಿತ್ತು. ಹಾಗಾಗಿ ತಲೆ ಅವರದು, ಮಿಕ್ಕಿದ್ದಕ್ಕೆಲ್ಲ ನಮ್ಮಲ್ಲೊಬ್ಬನ ಮೈ. ಹಮಾಲಿಗಳ ಮೇಸ್ತ್ರಿ ನಮ್ಮೆಲ್ಲರ ಅಂಗಿ ಬಿಚ್ಚಿಸಿ, ಎತ್ತು ಆರಿಸುವಂತೆ ತಟ್ಟಿ ನೋಡಿ, ಭಾವನನ್ನು ಆರಿಸಿದ್ದ.

ಭಾವ ಕಟ್ಟುಮಸ್ತಾದ ಆಳು, ಸುಳ್ಳಲ್ಲ. ಆದರೆ ವರ್ಷಗಟ್ಟಲೆ ಮೂಟೆ ಕೂತು ಬಲ ಹೆಗಲು ಕುಸಿದಿತ್ತು, ಕತ್ತಿನ ಬುಡದಲ್ಲಿ ಗಂಟೊಂದು ಎದ್ದಿತ್ತು. ಮಾರುಕಟ್ಟೆಯವರು ಅವನನ್ನು ಡೊಂಕ ಅಂತಲೇ ಕರೆಯುವುದು. ಅವನ ಹೆಗಲಿಗೆ ಮೂಟೆ ಹೊರಿಸುವವನು ನಾನು, ಇಳಿಸುವವನೂ ನಾನೇ. ನಮ್ಮಲ್ಲಿ ಅದೊಂದು ಕಟ್ಟು: ಹೊರಿಸಿದವನೇ ಇಳಿಸಬೇಕು. ಬೇರೆ ಕೈ ಬಿದ್ದರೆ ತೂಕ ತಪ್ಪಿ ಕತ್ತು ಉಳುಕುತ್ತದೆ.

ಅಚ್ಚು ಒಣಗಿದ ಮೇಲೆ ಶಿಲ್ಪಿ ನಮ್ಮನ್ನು ಕೇಳಿದ, “ಸರಿಯಾಗಿ ಬಂದಿದೆಯೇನ್ರೋ?” ಎಲ್ಲರೂ ಸುತ್ತು ಹಾಕಿ ನೋಡಿ, ಸರಿಯಾಗಿದೆ ಎಂದೆವು. ನಮ್ಮ ಕಣ್ಣಿಗೆ ಹೆಗಲು ಅಂದರೆ ಹಾಗೇ ಇರುವುದು. ಅವನೂ ನಂಬಿ ಕಂಚು ಹೊಯ್ದುಬಿಟ್ಟ.

ನಾಯಕರು ನೋಡಲು ಬಂದ ದಿನವೇ ಎಡವಟ್ಟು ಬಯಲಾಯಿತು.

“ಇದೇನಯ್ಯ, ಈ ಕಡೆ ತಗ್ಗು?”

ಶಿಲ್ಪಿ ಪ್ರತಿಮೆಯ ಹಿಂದಕ್ಕೆ ಸರಿದ. ಪಕ್ಕದಲ್ಲಿದ್ದ ಪಿ.ಎ. ಮಾತ್ರ ಎರಡೂ ಕೈ ಜೋಡಿಸಿ, “ಜನರ ಭಾರ ಹೊತ್ತು ಹೊತ್ತು ತಗ್ಗಿದ ಹೆಗಲು ಸಾರ್” ಎಂದ.

ನಾಯಕರು ಕನ್ನಡಿ ತರಿಸಿಕೊಂಡು ನೋಡಿಕೊಂಡರು. ಕಣ್ಣು ಒದ್ದೆಯಾಯಿತು. “ನಂಗೇ ಗೊತ್ತಿರಲಿಲ್ಲ ನೋಡ್ರಯ್ಯ. ನನ್ನ ಬಗ್ಗೆ ನಾನು ಯೋಚನೆ ಮಾಡೋದೇ ಇಲ್ವಲ್ಲ!”

ಅವತ್ತಿನಿಂದ ನಾಯಕರು ಬಲಕ್ಕೆ ವಾಲಿಕೊಂಡು ನಡೆಯತೊಡಗಿದರು. ದರ್ಜಿ ಅವರ ಕೋಟಿನ ಎಡಹೆಗಲಿಗೆ ಹತ್ತಿ ತುಂಬಿದ. ಮಂತ್ರಿಗಳು ವಾಲಿದರು, ಬಾಲಬಡುಕರು ವಾಲಿದರು, ವೇದಿಕೆಗೆ ವೇದಿಕೆಯೇ ಮೊಳೆ ಸಡಿಲಾದ ಫೋಟೋ ಹಾಗೆ ಕಾಣತೊಡಗಿತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಬಹಳ ದಿನ ಉಳಿಯಲಿಲ್ಲ.

ಪಿ.ಎ. ಮೂಗಿಗೆ ಕರವಸ್ತ್ರ ಹಿಡಿದು ಮಾರುಕಟ್ಟೆಗೇ ಬಂದು ಭಾವನತ್ತ ಬೆರಳು ತೋರಿಸಿದ. “ಮೂಟೆ ಹೊರೋವಾಗ ಇವನ ಬರಿ ಹೆಗಲು ಕಂಡ್ರೆ ಪ್ರತಿಮೆ ಇವನದೇ ಅಂತಾರೆ. ಪ್ರತಿಮೆ ಇರೋವರೆಗೂ ಇವನು ಮೂಟೆ ಮುಟ್ಟಕೂಡದು.”

“ಕಂಚು ಎಷ್ಟು ದಿನ ಬಾಳುತ್ತೆ ಸ್ವಾಮಿ?” ಭಾವ ಕೇಳಿದ.

“ಸಾವಿರ ವರ್ಷ.”

ಅಲ್ಲೇ ಚೆಲ್ಲಿದ ಕಾಳು ಗುಡಿಸುತ್ತಿದ್ದ ಅಕ್ಕ ಪೊರಕೆ ಬಿಸಾಕಿ ಎದ್ದಳು. “ಸಾವಿರ ವರ್ಷ ನನ್ನ ಮಕ್ಳು ಏನು ತಿನ್ಬೇಕು? ಆ ಬೊಂಬೆ ನೆಕ್ಬೇಕಾ?”

“ನಾಯಕರನ್ನೇ ಕೇಳ್ಕೊ ಹೋಗು” ಎಂದು ಪಿ.ಎ. ಕಾರು ಹತ್ತಿದ.

ನಾನೂ ಭಾವನೂ ಹೋದೆವು. ನಾಯಕರು ನಿಲುವುಗನ್ನಡಿಯ ಮುಂದೆ ಎಷ್ಟು ವಾಲಿದರೆ ಚೆಂದ ಎಂದು ನೋಡಿಕೊಳ್ಳುತ್ತಿದ್ದರು. ಭಾವ ಬಾಗಿಲಲ್ಲೇ ಕೈ ಮುಗಿದ. “ಹೊಟ್ಟೆ ಮೇಲೆ ಹೊಡೀಬೇಡಿ ಸ್ವಾಮಿ. ಆ ಹೆಗಲಿಂದಲೇ ನಮ್ಮನೆ ಒಲೆ ಉರಿಯೋದು.”

ನಾಯಕರು ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ನಿಜವಾದ ನೋವಿತ್ತು. “ಲೋ ಕಳ್ಳ ನನ್ಮಗನೆ, ನೀನೂ ನನ್ನ ನಕಲು ಮಾಡ್ತೀಯಾ? ನೆಟ್ಟಗೆ ನಿಲ್ಲೋ!”

ಕಾವಲಿನ ಪೊಲೀಸ್ ಭಾವನ ಬಲ ಹೆಗಲ ಕೆಳಗೆ ಲಾಠಿ ಕೊಟ್ಟು ಮೇಲಕ್ಕೆತ್ತಿದ. ಮೂಳೆ ಲಟಕ್ಕೆಂದಿತು. ಬಿಟ್ಟ ಕೂಡಲೇ ಹೆಗಲು ಮತ್ತೆ ತನ್ನ ಜಾಗಕ್ಕೆ ಇಳಿಯಿತು. ಮತ್ತೆ ಎತ್ತಿದ, ಮತ್ತೆ ಇಳಿಯಿತು. ನಾಯಕರು ನಗುತ್ತಿದ್ದರು. ನನಗೆ ಅಳು ಬಂತು, ಆ ಪೊಲೀಸಿನವನ ಲಾಠಿ ಕಿತ್ತುಕೊಳ್ಳುವಷ್ಟು ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಭಾವನನ್ನು ಕರೆದುಕೊಂಡು ಬಂದೆ.

ಪ್ರತಿಮೆ ಮಾರುಕಟ್ಟೆಯ ಅಂಗಳಕ್ಕೇ ಬಂತು. ಲಾರಿಯಿಂದ ಇಳಿಸಿ ಕಟ್ಟೆಯ ಮೇಲೆ ನಿಲ್ಲಿಸಿದವರು ನಾವೇ. ನಾವು ಹತ್ತಿಳಿದ ಹಲಗೆ ಕಟ್ಟೆಯ ಹಿಂದೆ ಹಾಗೇ ಒರಗಿತ್ತು. ನಾಯಕರು ಮುಸುಕು ಎಳೆದರು. ಚಪ್ಪಾಳೆ ಬಿತ್ತು. ಮೈಕು ಹಿಡಿದು ಕೆಳಗೆ ನಿಂತು, “ಈ ಹೆಗಲು ನೋಡಿ! ನಿಮ್ಮ ಕಷ್ಟ ಹೊತ್ತು ಬಗ್ಗಿದ ಹೆಗಲು! ಇನ್ನೂ ಏನು ಭಾರ ಇದ್ಯೋ ತಂದು ಹಾಕಿ ಇದರ ಮೇಲೆ, ಹೊರ್ತೀನಿ!” ಎಂದರು.

ಭಾವ ನನ್ನ ಪಕ್ಕದಲ್ಲೇ ನಿಂತಿದ್ದ. ಅಂಗಿ ಬಿಚ್ಚಿ ಅಕ್ಕನ ಕೈಗೆ ಕೊಟ್ಟ.

“ಹೊರಿಸೋ” ಎಂದ.

ಹತ್ತಿರದ ರಾಶಿಯಿಂದ ಅಕ್ಕಿಮೂಟೆ ಎತ್ತಿ ಹೊರಿಸಿದೆ. ಎಷ್ಟೋ ದಿನದ ಮೇಲೆ ಮೂಟೆ ಕಂಡ ಅವನ ಮೈ ಹದವಾಗಿ ಅದರಡಿ ಹೋಯಿತು. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಪೊಲೀಸರು ದಾರಿ ಬಿಟ್ಟರು, ಕ್ಯಾಮೆರಾದವರು ಮುಂದೆ ನುಗ್ಗಿದರು, ನಾಯಕರೂ ಕೈಬೀಸಿದರು. ಭಾವ ಹಲಗೆ ಹತ್ತಿ ತನ್ನ ಹೆಗಲಿನ ಮೂಟೆಯನ್ನು ಕಂಚಿನ ಹೆಗಲಿಗೆ ಜಾರಿಸಿದ. ಮೂಟೆ ಆ ತಗ್ಗಿನಲ್ಲಿ ಕೂತಿತು, ಗಂಟಿಗೆ ಒರಗಿ ನಿಂತಿತು, ಅಲ್ಲಾಡಲಿಲ್ಲ.

ಭಾವ ಬೆವರು ಒರೆಸಿಕೊಳ್ಳುತ್ತ ಪ್ರತಿಮೆಯ ಪಕ್ಕ ನಿಂತ. ಎರಡು ಹೆಗಲು, ಒಂದೇ ತಗ್ಗು, ಒಂದೇ ಗಂಟು.

“ಅಯ್ಯೋ, ಇದು ನಮ್ಮ ಡೊಂಕ ಕಣ್ರೋ!” ಯಾರೋ ಕೂಗಿದರು. ಅಂಗಳಕ್ಕೆ ಅಂಗಳವೇ ನಕ್ಕಿತು.

“ಇಳಿಸ್ರೋ ಅದನ್ನ! ಇಳಿಸ್ರೋ ಲೌಡಿ ಮಕ್ಳಾ!” ನಾಯಕರು ಚೀರಿದರು. ಸಿಟ್ಟಿನಲ್ಲಿ ವಾಲುವುದು ಮರೆತು ನೆಟ್ಟಗೆ ನಿಂತಿದ್ದರು.

ಮೇಸ್ತ್ರಿ ನಮ್ಮತ್ತ ನೋಡಿದ. ನಾವು ಕೈ ಕಟ್ಟಿಕೊಂಡೆವು. “ಹೊರಿಸಿದವನೇ ಇಳಿಸ್ಬೇಕು ಸ್ವಾಮಿ, ನಮ್ಮ ಕಟ್ಟು” ಎಂದೆ. ಪೊಲೀಸರು ಲಾಠಿ ಹಿಡಿದು ಹಲಗೆಯತ್ತ ಓಡಿದರು.

ಭಾವ ಆಗಲೇ ಪ್ರತಿಮೆಯ ಕಾಲಿಗೆ ಒರಗಿ ಆರಾಮವಾಗಿ ಕೂತುಬಿಟ್ಟಿದ್ದ.

“ಇಳಿಸ್ತೀನಿ ಸ್ವಾಮಿ” ಎಂದ. “ಸಾವಿರ ವರ್ಷ ಆಗ್ಲಿ.”