ಎಂಬತ್ತಾರು ಡಿಗ್ರಿಯ ಸಾರು

ಗಣಿಯೂರು ಪೊಟೊಸಿಯ ಮಾರುಕಟ್ಟೆಯಲ್ಲಿ ಸತುರ್ನಿನಾಳ ಮೆಕ್ಕೆಜೋಳದ ಸಾರು ಕುದಿಯುತ್ತಿಲ್ಲವೆಂದು ಸರ್ಕಾರಕ್ಕೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ. ಸಾರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಎಂದಿನಂತೆ ಕೊತಕೊತ ಕುದಿಯುತ್ತಲೇ ಇತ್ತು.

ಆರೋಗ್ಯ ಇಲಾಖೆಯಿಂದ ತಪಾಸಣೆಗೆ ಬಂದಿದ್ದ ಹುಸ್ತಿನಿಯಾನೋ ಕೆಳಗಿನ ಸಾಂತಾ ಕ್ರೂಸ್ ಬಯಲಿನವನು, ವರ್ಗವಾಗಿ ಬಂದು ಹತ್ತು ದಿನವಾಗಿತ್ತು. ಏದುಸಿರು ಬಿಡುತ್ತ ಥರ್ಮಾಮೀಟರನ್ನು ಹಂಡೆಗೆ ಇಳಿಸಿದ. ಎಂಬತ್ತಾರು. ಕುದಿಯುವುದೆಂದರೆ ನೂರು ಡಿಗ್ರಿ ಎಂದು ಅವನ ಕೈಯಲ್ಲಿದ್ದ ನಿಯಮ ಹೇಳುತ್ತಿತ್ತು.

"ಗುಳ್ಳೆ ಏಳ್ತಿರೋದು ಕಾಣಲ್ವಾ ಸಾಹೇಬ್ರೇ?" ಎಂದಳು ಸತುರ್ನಿನಾ.

"ಕಾಣ್ತದೆ ತಾಯಿ. ಆದ್ರೆ ಕಾಗದದ ಪ್ರಕಾರ ಇದಿನ್ನೂ ಕುದ್ದಿಲ್ಲ."

ಮಧ್ಯಾಹ್ನದೊಳಗೆ ನೂರು ಮುಟ್ಟದಿದ್ದರೆ ಅಂಗಡಿಗೆ ಕೆಂಪು ಮೊಹರು ಒತ್ತಿ ಮುಚ್ಚಿಸಬೇಕು. ಗಂಡ ಬೆಳ್ಳಿಬೆಟ್ಟದ ಗಣಿಯಲ್ಲಿ ಸಿಕ್ಕಿ ಸತ್ತ ಮೇಲೆ ಸತುರ್ನಿನಾಳಿಗಿದ್ದದ್ದು ಈ ಹಂಡೆಯೊಂದೇ. ಗಣಿಯವರಿಗೂ ಅಷ್ಟೆ: ಇಲ್ಲಿ ಹೊಟ್ಟೆ ತುಂಬಿಸಿಕೊಂಡು ಒಳಗಿಳಿದರೆ ಸಂಜೆವರೆಗೆ ಹಸಿವು ಮರೆಯಲು ಜಗಿಯುವ ಕೋಕಾ ಎಲೆಯೇ ಗತಿ.

ಅವಳು ಉರಿ ಜೋರು ಮಾಡಿದಳು. ಸಾರು ಉಕ್ಕಿ ಒಲೆಗೆ ಸುರಿಯಿತು, ಪಾದರಸ ಕದಲಲಿಲ್ಲ. ಉಪ್ಪು ಹಾಕಿದರೆ ಶಾಖ ಏರುತ್ತದೆಂದು ಯಾರೋ ಹೇಳಿದರು. ಬೇರೆ ಪಾತ್ರೆಗೆ ಸಾರು ತೆಗೆದು ಎರಡು ಬೊಗಸೆ ಹಾಕಿದ್ದಕ್ಕೆ ಕೂದಲೆಳೆಯಷ್ಟು ಏರಿತು. ರುಚಿ ನೋಡಿದ ಗಣಿಯ ಕ್ರಿಸೋಸ್ತೊಮೋ ಮುಖ ಕಿವಿಚಿ, ಹಿಂದೆ ಯುದ್ಧದಲ್ಲಿ ಚಿಲಿಯವರು ಕಿತ್ತುಕೊಂಡ ನಮ್ಮ ದೇಶದ ಸಮುದ್ರ ವಾಪಸ್ ಬಂತಾ ಎಂದು ಕೇಳಿದ.

ಪಕ್ಕದಂಗಡಿಯಿಂದ ಪ್ರೆಶರ್ ಕುಕ್ಕರ್ ತಂದರು. ಅದರೊಳಗೆ ನೂರು ದಾಟಿರಬಹುದು ಎಂದು ಹುಸ್ತಿನಿಯಾನೋನೂ ಒಪ್ಪಿದ. ಆದರೆ ಕುಕ್ಕರಿನ ಕೂಗನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲು ಅವಕಾಶವಿರಲಿಲ್ಲ. ಆರಿಸಿ, ಮುಚ್ಚಳ ತೆಗೆದು, ಮತ್ತೆ ಕುದಿಸಿ ಅಳೆದರು. ಅದೇ ಎಂಬತ್ತಾರು.

ಕೊನೆಗೆ ಸತುರ್ನಿನಾಳಿಗೆ ರೇಗಿತು. ಬಡಿಸುವಾಗ ಬಟ್ಟಲಿಗೆ ಕಾದ ಕಲ್ಲು ಹಾಕುವುದು ಈ ಸಾರಿನ ಪದ್ಧತಿ. ಒಲೆಯಿಂದ ಕೆಂಪಗೆ ಕಾದ ಕಲ್ಲೊಂದನ್ನೆತ್ತಿ ಅಧಿಕಾರಿಯ ಬಟ್ಟಲಿಗೇ ಹಾಕಿದಳು. ಸಾರು ಭೋರೆಂದು ಎದ್ದು ಅವನ ಮೀಸೆಗೂ ಸಿಡಿಯಿತು. ಕಲ್ಲಿಗೆ ತಾಗದಂತೆ ಅವನು ಅಳೆದ. ಎಂಬತ್ತಾರು. ಹಂಡೆ, ಉರಿ, ಕಲ್ಲು, ಎಲ್ಲವೂ ಸೇರಿ ತನ್ನ ವಿರುದ್ಧ ಪಿತೂರಿ ನಡೆಸಿವೆ ಎಂಬಂತೆ ಅವನು ಕುಸಿದು ಕುಳಿತ.

"ಈ ಊರಲ್ಲಿ ಮೊಟ್ಟೆನೂ ಸರಿಯಿಲ್ಲ" ಎಂದ. "ಹತ್ತು ದಿನದಿಂದ ಆರು ನಿಮಿಷ ಬೇಯಿಸ್ತಿದ್ದೀನಿ. ದಿನಾ ಹಸಿ."

ಸತುರ್ನಿನಾಳಿಗೆ ಅಯ್ಯೋ ಎನ್ನಿಸಿತು. "ಮೊಟ್ಟೆದೇನು ತಪ್ಪು? ನಾವಿರೋದು ಎತ್ತರದಲ್ಲಿ. ಇಲ್ಲಿ ಗಾಳಿ ತೆಳು, ನೀರನ್ನ ಅದುಮಿ ಹಿಡಿಯಲ್ಲ. ಅದಕ್ಕೇ ನೀರು ಪೂರ್ತಿ ಕಾಯೋ ಮೊದ್ಲೇ ಕುದಿಯತ್ತೆ. ಇನ್ನೂ ಸ್ವಲ್ಪ ಹೊತ್ತು ಬಿಡಿ."

ಅವನು ನಮೂನೆ ಬಿಚ್ಚಿದ. ಅರ್ಥವಾಗಿತ್ತು, ಆದರೆ ನಮೂನೆಯಲ್ಲಿ ಅರ್ಥವಾಯಿತೆಂದು ಬರೆಯಲು ಜಾಗವಿರಲಿಲ್ಲ. 'ದೋಷ ಯಾರದು' ಎಂಬ ಅಂಕಣವಿತ್ತು, ಅದನ್ನು ಖಾಲಿ ಬಿಡುವಂತಿರಲಿಲ್ಲ. ಅಂಗಡಿಯ ಹೆಸರು ಹೊಡೆದುಹಾಕಿ 'ಊರು' ಎಂದು ಬರೆದ. ಪರಿಹಾರದ ಅಂಕಣದಲ್ಲಿ, ಸದರಿ ಊರನ್ನು ಒಂದು ತಿಂಗಳೊಳಗೆ ನಾಲ್ಕು ಸಾವಿರ ಮೀಟರ್ ಕೆಳಗಿಳಿಸತಕ್ಕದ್ದು ಎಂದು ತುಂಬಿ, ಗಟ್ಟಿಯಾಗಿ ಓದಿ, ಸಹಿ ಹಾಕಿದ. ಅಲ್ಲಿಯವರೆಗೆ ಅಂಗಡಿ ನಡೆಸಲು ಅಡ್ಡಿಯಿಲ್ಲ.

ಗಣಿಯವರು ಹೊಟ್ಟೆ ಹಿಡಿದು ನಕ್ಕರು. ಸತುರ್ನಿನಾ ನಗಲಿಲ್ಲ. ಮಾರುಕಟ್ಟೆಯ ಆಚೆ, ಸಾವಿರ ಬಿಲ ತೋಡಿಸಿಕೊಂಡು ನೆತ್ತಿ ಕುಸಿದ ಬೆಳ್ಳಿಬೆಟ್ಟದ ಕಡೆ ಸೌಟು ತೋರಿಸಿದಳು.

"ಕೆಲಸ ಆಗ್ಲೇ ಶುರುವಾಗಿದೆ ಅಂತ ಆಫೀಸಿಗೆ ಬರೀರಿ. ನಾನೂರು ವರ್ಷದಿಂದ ಇಳಿಸ್ತಾನೇ ಇದ್ದೀವಿ. ನನ್ನ ಗಂಡ ಇನ್ನೂ ಅದರೊಳಗೇ ಇದ್ದಾನೆ."

ಹುಸ್ತಿನಿಯಾನೋ ಟೋಪಿ ತೆಗೆದ. ಅವಳು ಅವನ ಮುಂದೆ ಹೆಚ್ಚಿನ ಉಪ್ಪು ಬೀಳದ ಸಾರಿನ ಹೊಸ ಬಟ್ಟಲಿಟ್ಟಳು.